ಎರಡಂತಸ್ತಿನ ಮಂಚ

ಎಪ್ಪತ್ತರ ದಶಕದಲ್ಲಿ ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಮಂಚವೆಂದರೆ ಹಿರಿಯರ ಸೊತ್ತು. ಇಡೀ ಮನೆಗೆ ಒಂದೇ ಹಲಸಿನ ಮರದ ಮಂಚ, ಅದರ ಮೇಲೆ ಅಜ್ಜ. ಅಟ್ಟದ ಮೇಲಿದ್ದ ಹಗ್ಗದ ಮಂಚ ಕೆಳಗಿಳಿಯುತ್ತಿದ್ದುದು ಬಾಣಂತನಕ್ಕೆ ಮಾತ್ರ. ಮಕ್ಕಳಿಗೆಲ್ಲ ನಡುಮನೆಯಲ್ಲಿ ಸಾಲಾಗಿ ಚಾಪೆ, ಮೇಲೊಂದು ಜಮಖಾನ, ಇಬ್ಬರಿಗೊಂದು ಕಂಬಳಿ. ಆ ನೆಲದ ಹಾಸಿಗೆಯನ್ನು ಹಾಡಿ ಹೊಗಳುವವರು ಈಗ ಬಹಳ ಮಂದಿ ಇದ್ದಾರೆ. ನನಗೆ ಹೊಗಳಲು ಮನಸ್ಸು ಬಾರದು. ಆಷಾಢದ ಮಳೆಯಲ್ಲಿ ಸಗಣಿ ಸಾರಿಸಿದ ನೆಲದ ಥಂಡಿ ಚಾಪೆ ದಾಟಿ ಬೆನ್ನಿಗೇರುತ್ತಿತ್ತು. ಮಳೆಗಾಲ ಮುಗಿಯುವ ತನಕ ಒಂದಲ್ಲ ಒಂದು ಮಗುವಿಗೆ ಕೆಮ್ಮು ಇದ್ದೇ ಇರುತ್ತಿತ್ತು. ಚೇಳು ಬಂದರೂ ಮೊದಲು ಅದಕ್ಕೆ ಸಿಗುತ್ತಿದ್ದವರು ನೆಲದ ಮೇಲೆ ಮಲಗಿದವರೇ.

ಹೈಸ್ಕೂಲಿಗೆಂದು ಶಿವಮೊಗ್ಗದ ಒಂದು ಹಾಸ್ಟೆಲಿಗೆ ಸೇರಿದಾಗ ಎರಡಂತಸ್ತಿನ ಮಂಚವನ್ನು ಮೊದಲ ಸಲ ಕಂಡೆ. ಆಂಗಲ್ ಕಬ್ಬಿಣದ ನಾಲ್ಕು ಕಾಲು, ಕೆಳಗೊಂದು ಮೇಲೊಂದು ತಗಡಿನ ಹಾಸು. ಏಣಿ ಇರಲಿಲ್ಲ, ಕಾಲಿಗೆ ಬೆಸೆದ ಎರಡು ಕಬ್ಬಿಣದ ತುಂಡುಗಳೇ ಮೆಟ್ಟಿಲು. ತಗಡಿನ ಮಡಿಕೆಯಲ್ಲಿ ತಿಗಣೆ. ಭಾನುವಾರ ಮಂಚಗಳನ್ನೆಲ್ಲ ಅಂಗಳಕ್ಕೆ ಎಳೆದು, ಬಿಸಿಲಿಗಿಟ್ಟು, ಸಂದಿಗೆ ಸೀಮೆಎಣ್ಣೆ ಬಿಡುತ್ತಿದ್ದೆವು. ಸೋಮವಾರ ರಾತ್ರಿಗೆ ಅವು ಮತ್ತೆ ಹಾಜರು.

ಮೇಲಿನ ಹಾಸಿಗೆಗೆ ಅಡ್ಡಪಟ್ಟಿ ಎಂಬುದೇ ಇರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ಒಂದು ರಾತ್ರಿ ಎಂಟನೆಯ ತರಗತಿಯ ಹುಡುಗನೊಬ್ಬ ನಿದ್ದೆಗಣ್ಣಿನಲ್ಲಿ ಮಗ್ಗುಲಾಗಿ ಸಿಮೆಂಟಿನ ನೆಲಕ್ಕೆ ಬಿದ್ದ. ಮುಂಗೈ ಮುರಿಯಿತು. ಎಡಗೈ ಆದ್ದರಿಂದ ಪರೀಕ್ಷೆ ಬರೆದ. ಅವನ ಹಾಸಿಗೆಯನ್ನು ಕೆಳಗಿಳಿಸಿದರು, ಮೇಲಕ್ಕೆ ಇನ್ನೊಬ್ಬ ಹುಡುಗನನ್ನು ಹತ್ತಿಸಿದರು. ಪಟ್ಟಿ ಹಾಕಿಸಬೇಕೆಂದು ಯಾರಿಗೂ ತೋಚಲಿಲ್ಲ. ಆ ಮಂಚ ಮಾತ್ರ ಆನೆ ಹತ್ತಿದರೂ ಜಗ್ಗದಷ್ಟು ಗಟ್ಟಿಯಿತ್ತು. ಗಟ್ಟಿ ಇರುವುದು ಬೇರೆ, ಮಗುವಿಗೆ ಸುರಕ್ಷಿತವಾಗಿರುವುದು ಬೇರೆ. ಮಕ್ಕಳಿಗೆ ಮಂಚ ಕೊಳ್ಳಲು ಹೊರಟವರು ಇದೊಂದನ್ನು ಮರೆಯಬಾರದು.

2011ರಲ್ಲಿ ನಾನೇ ಆ ಕೆಲಸಕ್ಕೆ ಹೊರಟೆ. ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟು, ಮಕ್ಕಳಿಗೆಂದು ಉಳಿದದ್ದು ಹತ್ತಡಿ ಹತ್ತಡಿಯ ಕೋಣೆ. ಮಗಳಿಗೆ ಎಂಟು, ಮಗನಿಗೆ ಐದು. ಎರಡು ಮಂಚ ಹಾಕಿದರೆ ಓದುವ ಮೇಜಿಗೆ ಜಾಗವಿಲ್ಲ. ಶೋರೂಮುಗಳಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಬಣ್ಣ ಬಣ್ಣದ ಮಂಚ: ಕಾರಿನ ಆಕಾರ, ಕಾರ್ಟೂನಿನ ಚಿತ್ರ, ಕೆಳಗೆ ಡ್ರಾಯರು. ಹಲಗೆಯ ಅಂಚಿನ ಪಟ್ಟಿ ಎಲ್ಲಾದರೂ ಎದ್ದಿದ್ದರೆ ಒಳಗಿನದು ಕಾಣುತ್ತದೆ. ಮರದ ಚೂರು, ಹೊಟ್ಟುಗಳನ್ನು ಅಂಟು ಹಾಕಿ ಒತ್ತಿದ ಪಾರ್ಟಿಕಲ್ ಬೋರ್ಡು. ಗೋಡೆಗೆ ತಾಗಿ ನಿಲ್ಲುವ ಕಪಾಟಿಗೆ ಅದು ನಡೆದೀತು. ದಿನಕ್ಕೆ ಹತ್ತು ಸಲ ಹತ್ತಿಳಿಯುವ, ಕುಣಿಯುವ ಮಕ್ಕಳ ಮಂಚಕ್ಕೆ ಅದು ಆಗದು. ಅದರಲ್ಲಿ ಸ್ಕ್ರೂ ಒಮ್ಮೆ ಕೂರುತ್ತದೆ. ಮನೆ ಬದಲಿಸುವಾಗ ಬಿಚ್ಚಿ ಮತ್ತೆ ತಿರುಗಿಸಿದರೆ ತೂತು ಪುಡಿಯಾಗಿ ಹಿಡಿತ ಸಿಗುವುದಿಲ್ಲ. ನೀರು ತಗುಲಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಬೆಲೆ ಮಾತ್ರ ಮೂವತ್ತು ಸಾವಿರದ ಮೇಲೆ.

ತೇಗ ನಮ್ಮ ಕೈಗೆಟುಕುವಂತಿರಲಿಲ್ಲ. ರಬ್ಬರ್ ಮರ ಅಗ್ಗ, ಮಂಚಕ್ಕೆ ಸಾಕಷ್ಟು ಗಟ್ಟಿಯೂ ಹೌದು. ಹಾಲು ಬತ್ತಿದ ಮೇಲೆ ಕಡಿದ ಮರವಾದ್ದರಿಂದ ಅದಕ್ಕಾಗಿ ಕಾಡು ಬೋಳಾಗುವುದಿಲ್ಲ. ಆದರೆ ಹುಳು ಹಿಡಿಯದ ಹಾಗೆ ಔಷಧಿ ಉಣಿಸಿ ಒಣಗಿಸಿದ್ದೇ ಆಗಬೇಕು. ಅದನ್ನು ಕೇಳಿ ತಿಳಿದೇ ಕೊಳ್ಳಬೇಕು.

ಕೊನೆಗೆ ಹೋದದ್ದು ಕಾಮಾಕ್ಷಿಪಾಳ್ಯದ ಒಂದು ವೆಲ್ಡಿಂಗ್ ಅಂಗಡಿಗೆ. ಕಿಟಕಿಯ ಗ್ರಿಲ್ಲು, ಗೇಟು ಮಾಡುವವರು. ಕಬ್ಬಿಣದ ತೂಕಕ್ಕಿಷ್ಟು ಎಂದು ದರ. ಯಜಮಾನರು ಎರಡು ಪೈಪು ತಂದು ನನ್ನ ಕೈಗಿಟ್ಟು, "ಹದಿನೆಂಟು ಗೇಜ್ ಹಾಕಿದ್ರೆ ನಿಮಗೆ ದುಡ್ಡು ಉಳಿಯುತ್ತೆ ಸಾರ್. ಆದ್ರೆ ಮಗು ಮಗ್ಗುಲು ಬದಲಿಸಿದ್ರೂ ಮಂಚ ಅಲ್ಲಾಡುತ್ತೆ. ಹದಿನಾರೇ ಹಾಕ್ಸಿ" ಅಂದರು. ಗೇಜಿನ ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ. ನೋಡಲು ಎರಡೂ ಒಂದೇ ಥರ, ಕೈಯಲ್ಲಿ ಹಿಡಿದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಹದಿನಾರೇ ಆಯಿತು. ಎಲ್ಲ ಸೇರಿ ಹದಿನಾಲ್ಕು ಸಾವಿರ ಚಿಲ್ಲರೆ.

ಅಡ್ಡಪಟ್ಟಿಯ ಅಳತೆಯನ್ನು ನಾನು ಮೊದಲೇ ಬರೆದುಕೊಂಡು ಹೋಗಿದ್ದೆ. ಅಮೆರಿಕದಲ್ಲಿ 2000ದಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಪಟ್ಟಿಯ ಮೇಲಂಚು ಹಾಸಿಗೆಯಿಂದ ಕನಿಷ್ಠ 5 ಇಂಚು ಮೇಲಿರಬೇಕು, ಪಟ್ಟಿಗೂ ಮಂಚದ ಚೌಕಟ್ಟಿಗೂ ನಡುವೆ 3.5 ಇಂಚಿಗಿಂತ ಹೆಚ್ಚು ಸಂದಿ ಇರಬಾರದು. ದೊಡ್ಡ ಸಂದಿಯಲ್ಲಿ ಮಗುವಿನ ಮೈ ನುಸುಳುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಗೋಡೆಯ ಬದಿಗೂ ಪಟ್ಟಿ ಬೇಕು, ಏಕೆಂದರೆ ಮಂಚ ಸರಿದರೆ ಅಲ್ಲೂ ಸಂದಿ ಬಿಡುತ್ತದೆ. ಆರು ತುಂಬದ ಮಗು ಮೇಲೆ ಮಲಗಕೂಡದು. ನಮ್ಮ ಮಂಚಕ್ಕೆ ಹಾಸಿನ ಮಟ್ಟದಿಂದ ಒಂದಡಿ ಎತ್ತರದ ಪಟ್ಟಿ ಹಾಕಿಸಿದೆ: ಅಡ್ಡಕ್ಕೆ ಮೂರು ಪೈಪು, ನಡುವೆ ಮೂರು ಮೂರು ಇಂಚು. ಮೇಲಕ್ಕೆ 4 ಇಂಚಿನ ತೆಂಗಿನ ನಾರಿನ ಹಾಸಿಗೆ ಮಾತ್ರ. ಮೆತ್ತಗಿರಲಿ ಎಂದು 8 ಇಂಚಿನದು ತಂದರೆ ಅಷ್ಟು ಎತ್ತರದ ಪಟ್ಟಿಯೂ ಹಾಸಿಗೆಯ ಮೇಲೆ ನಾಲ್ಕೇ ಇಂಚು ಉಳಿಯುತ್ತದೆ, ಅದು ಸಾಲದು.

ಆ ಪರದೇಶದ ನಿಯಮದಲ್ಲಿ ಇಲ್ಲದ್ದು, ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಸೀಲಿಂಗ್ ಫ್ಯಾನು. ನಮ್ಮ ಫ್ಲ್ಯಾಟಿನ ಸೂರು 9.5 ಅಡಿ. ಫ್ಯಾನಿನ ರೆಕ್ಕೆ 8.5 ಅಡಿಯಲ್ಲಿ ತಿರುಗುತ್ತದೆ. ಮೇಲಿನ ಹಾಸಿಗೆಯ ಮಟ್ಟ 5 ಅಡಿ. ನಾಲ್ಕಡಿಯ ಮಗು ಅಲ್ಲಿ ಎದ್ದು ನಿಂತರೆ ತಲೆ ರೆಕ್ಕೆಗಿಂತ ಮೇಲಿರುತ್ತದೆ. 48 ಇಂಚಿನ ಫ್ಯಾನು ಕೋಣೆಯ ನಡುಮಧ್ಯೆ ಇದ್ದರೆ ರೆಕ್ಕೆಯ ತುದಿ ಗೋಡೆಯಿಂದ ಮೂರೇ ಅಡಿ, ಮಂಚದ ಅಗಲವೂ ಮೂರಡಿ. ಹೊದಿಕೆ ಕೊಡವಲು ಕೈ ಚಾಚಿದರೆ ಸಾಕು. ಮಂಚ ಮನೆಗೆ ಬರುವ ಮೊದಲೇ ಆ ಫ್ಯಾನು ಇಳಿಸಿ ಗೋಡೆಯ ಫ್ಯಾನು ಹಾಕಿಸಿದೆ. ಮಂಚ ಮಾರುವವರಲ್ಲಿ ಒಬ್ಬರೂ ಫ್ಯಾನಿನ ಮಾತೆತ್ತಲಿಲ್ಲ. ಇಂದಿಗೂ ಮಂಚ ಕೊಳ್ಳುವ ಗೆಳೆಯರಿಗೆ ನಾನು ಮೊದಲು ಕೇಳುವುದು ಬಣ್ಣವನ್ನಲ್ಲ, ಫ್ಯಾನು ಎಲ್ಲಿದೆ ಎಂದು.

ಏಣಿಯ ಮೆಟ್ಟಿಲು ಚಪ್ಪಟೆ ಇರಲಿ. ದುಂಡು ಪೈಪು ಬರಿಗಾಲಿಗೆ ಒತ್ತುತ್ತದೆ, ರಾತ್ರಿ ಮೂತ್ರಕ್ಕೆ ಇಳಿಯುವ ಮಗು ಅದಕ್ಕೇ ಹೆದರಿ ಹಾರುತ್ತದೆ. ಏಣಿಯನ್ನು ಕೊಕ್ಕೆಗೆ ನೇತುಹಾಕದೆ ಬೋಲ್ಟು ಹಾಕಿ ಬಿಗಿಯಬೇಕು. ಆಗಾಗ ಸ್ಪ್ಯಾನರ್ ಹಿಡಿದು ನಟ್ಟುಗಳನ್ನೆಲ್ಲ ಬಿಗಿ ಮಾಡುತ್ತಿರಬೇಕು.

ಮೇಲಿನ ಮಂಚವನ್ನು ಎತ್ತಿ ಬೇರೆಯಾಗಿಸುವ ಹಾಗೆ ಮಾಡಿಕೊಡಿ ಎಂದು ಹೇಳಿದ್ದು ಒಳ್ಳೆಯದಾಯಿತು. ಮಗಳು ಕಾಲೇಜಿಗೆ ಹೋದ ವರ್ಷ ಅದು ಎರಡು ಒಂಟಿ ಮಂಚವಾಯಿತು. ಒಂದು ಸಾಗರದಲ್ಲಿ ತಂಗಿಯ ಮನೆಗೆ ಹೋಗಿದೆ, ಇನ್ನೊಂದರಲ್ಲಿ ಮಗ ಮಲಗುತ್ತಾನೆ. ಬಣ್ಣ ಅಲ್ಲಲ್ಲಿ ಕಿತ್ತಿದೆ, ಬೆಸುಗೆ ಒಂದೂ ಬಿಟ್ಟಿಲ್ಲ.

ಈಗ ಬಂಕ್ ಮಂಚಕ್ಕೆಂದೇ ಭಾರತೀಯ ಮಾನಕ ಬ್ಯೂರೋದ ಐಎಸ್ 17636 ಇದೆ. ಅಂಗಡಿಯಲ್ಲಿ ಅದರ ಹೆಸರು ಹೇಳಿ ಕೇಳಿ. ಮಗುವನ್ನು ಹಾಸ್ಟೆಲಿಗೆ ಬಿಡಲು ಹೋದಾಗಲೂ ಅಡುಗೆಮನೆ ನೋಡಿ ಬಂದುಬಿಡಬೇಡಿ. ಮಲಗುವ ಕೋಣೆಗೂ ಹೋಗಿ, ಮೇಲಿನ ಮಂಚವನ್ನು ಹಿಡಿದು ಅಲ್ಲಾಡಿಸಿ, ಫ್ಯಾನು ಎಷ್ಟು ದೂರದಲ್ಲಿದೆ ನೋಡಿ. ಅಡ್ಡಪಟ್ಟಿ ಇಲ್ಲದಿದ್ದರೆ ಹಾಕಿಸಿ ಎಂದು ಪಟ್ಟು ಹಿಡಿಯಿರಿ. ಬದಿಗೆ ಮೂರು ಪೈಪು, ಒಂದಿಷ್ಟು ಬೆಸುಗೆ, ಅರ್ಧ ದಿನದ ಕೆಲಸ.