ವಾರಕ್ಕೊಂದು ಹಾಳೆ

ಅಘನಾಶಿನಿಯ ಇಕ್ಕೆಲದ ಕಣಿವೆಗಳಲ್ಲಿ ಮನೆಗಳು ಒತ್ತಾಗಿರುವುದಿಲ್ಲ. ತೋಟದ ತಲೆಗೊಂದು ಮನೆ, ನಡುವೆ ಒಂದು ಸೊಪ್ಪಿನಬೆಟ್ಟ, ಒಂದು ಹಳ್ಳ, ದಾಟಲಿಕ್ಕೆ ಸಂಕ. ಮಳೆಗಾಲದಲ್ಲಿ ಸಂಕ ತೇಲಿಹೋಯಿತೆಂದರೆ ಆಚೆ ಮನೆಯ ಹೊಗೆ ಕಾಣುತ್ತದೆ, ಸುದ್ದಿ ಮಾತ್ರ ಬರುವುದಿಲ್ಲ. ಸಿದ್ದಾಪುರದ ಕಡೆಯ ಇಂಥದೊಂದು ಮೂಲೆಯಲ್ಲಿ ಎಪ್ಪತ್ತರ ದಶಕದ ಕೊನೆಗೆ ನಿವೃತ್ತ ಮಾಸ್ತರರೊಬ್ಬರು ವಾರಕ್ಕೊಂದು ಹಾಳೆ ಹೊರಡಿಸತೊಡಗಿದರು. ಫುಲ್‌ಸ್ಕೇಪ್ ಕಾಗದ, ಎರಡೂ ಮಗ್ಗುಲು, ಸೈಕ್ಲೋಸ್ಟೈಲ್. ಶನಿವಾರ ಸೊಸೈಟಿಯ ಕಟ್ಟೆಗೆ ಬರುತ್ತಿತ್ತು. ರೇಷನ್ನಿಗೆ ಬಂದವರು ಅಕ್ಕಪಕ್ಕದ ಮನೆಯದ್ದನ್ನೂ ಒಯ್ಯುತ್ತಿದ್ದರು.

ಹಿಡಿಕೆ ತಿರುಗಿಸುವ ಕೆಲಸ ಹೈಸ್ಕೂಲು ಹುಡುಗರಾದ ನಮ್ಮದು. ಬರವಣಿಗೆ ಮಾಸ್ತರರದ್ದು. ಕನ್ನಡ ಟೈಪ್‌ರೈಟರ್ ನಮ್ಮ ಕೈಗೆಟಕುವ ವಸ್ತುವಾಗಿರಲಿಲ್ಲ, ಹಾಗಾಗಿ ಮೇಣ ಸವರಿದ ಸ್ಟೆನ್ಸಿಲ್ ಕಾಗದದ ಮೇಲೆ ಮೊನಚು ಕಡ್ಡಿಯಿಂದ ಅವರು ಕೈಯಲ್ಲೇ ಕೊರೆಯುತ್ತಿದ್ದರು. ಗುಂಡಗಿನ ನಮ್ಮ ಅಕ್ಷರಗಳಿಗೂ ಆ ಕಾಗದಕ್ಕೂ ಆಗಿಬರುವುದಿಲ್ಲ. ಸೊನ್ನೆಯನ್ನು ಪೂರ್ತಿ ಸುತ್ತಿದರೆ ಒಳಗಿನ ಚೂರು ಕಿತ್ತುಬಿದ್ದು, ಅಚ್ಚಿನಲ್ಲಿ ಶಾಯಿ ತುಂಬಿದ ಕಪ್ಪು ಬೊಟ್ಟಾಗುತ್ತದೆ. ಅದಕ್ಕೇ ಅವರು ಪ್ರತಿ ಸೊನ್ನೆಗೂ ಕೂದಲೆಳೆಯಷ್ಟು ಬಾಯಿ ಬಿಡುತ್ತಿದ್ದರು. ತಪ್ಪಾದರೆ ಕೆಂಪು ದ್ರವ ಸವರಿ, ಅದು ಒಣಗಿದ ಮೇಲೆ ಅಲ್ಲಿಯೇ ಮತ್ತೆ ಕೊರೆಯಬೇಕು. ಆಷಾಢದಲ್ಲಿ ಕಾಗದ ತೇವ ಕುಡಿದು ಎರಡೆರಡಾಗಿ ಅಂಟಿಕೊಂಡು ಒಳಗೆ ಹೋಗುತ್ತಿತ್ತು. ಹಿಂದಿನ ರಾತ್ರಿಯೇ ರೀಮನ್ನು ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸಿಡುತ್ತಿದ್ದೆವು. ಹೀಗಾಗಿ ಮಳೆಗಾಲದ ಸಂಚಿಕೆಗಳಿಗೆಲ್ಲ ಹೊಗೆಯ ವಾಸನೆ.

ಮೊದಲ ಮಗ್ಗುಲಿನಲ್ಲಿ ಶಿರಸಿಯ ಅಡಿಕೆ ಧಾರಣೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ. ನಮ್ಮ ಕೈಗೆ ಬರುವ ಹೊತ್ತಿಗೆ ಅದು ಹಳಸಿರುತ್ತಿತ್ತು, ಅದನ್ನು ನಂಬಿ ಯಾರೂ ಮಾಲು ಹೊರಡಿಸುತ್ತಿರಲಿಲ್ಲ. ಆದರೂ ಎಲ್ಲರೂ ಮೊದಲು ಓದುತ್ತಿದ್ದದ್ದು ಅದನ್ನೇ. ಉಳಿದದ್ದು ಸೀಮೆಎಣ್ಣೆ ಬಂದದ್ದು, ಬಸ್ಸು ತಿರುವಿನವರೆಗೆ ಮಾತ್ರ ಬರುವುದು, ತಾಳಮದ್ದಳೆ ಯಾರ ಜಗಲಿಯಲ್ಲಿ, ಅರ್ಥಧಾರಿಗಳು ಯಾರು ಎಂಬಿತ್ಯಾದಿ. ಜೂನ್ ಬಂತೆಂದರೆ ಕೊಳೆರೋಗಕ್ಕೆ ಬೋರ್ಡೋ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎಲ್ಲರಿಗೂ ಬಾಯಿಪಾಠವಿದ್ದರೂ ಪ್ರತಿ ವರ್ಷ ಅದೇ ಸಾಲು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಕಡೆ ಜನ ಮರ ಅಪ್ಪಿ ನಿಂತರಲ್ಲ, ಮುಂದೆ ದೇಶವೆಲ್ಲ ಮಾತಾಡಿದ ಆ ಅಪ್ಪಿಕೋ ಚಳವಳಿಗೆ ನಮ್ಮ ಹಾಳೆಯಲ್ಲಿ ಸಿಕ್ಕಿದ್ದು ಮೂರು ಸಾಲು. ಅದರ ಕೆಳಗೇ ಕಳೆದುಹೋದ ಹೋರಿಯೊಂದಕ್ಕೆ ಐದು ಸಾಲು.

ಜಾಗ ಇಲ್ಲ ಎನ್ನುವುದೇ ಮಾಸ್ತರರ ಸಂಪಾದಕೀಯ ನೀತಿ. ಸುದ್ದಿ ತಂದವರಿಗೆ ಅವರು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಯಾರು ನೋಡಿದ್ದು, ಯಾವತ್ತು? ಉತ್ತರ ತಡವರಿಸಿದರೆ ಮುಂದಿನ ವಾರ ನೋಡುವಾ ಎನ್ನುತ್ತಿದ್ದರು. “ಮುಂದಿನ ವಾರ ಹಾಕ್ತಿ ಹೇಳಿದ್ಯಲ ಭಾವಾ, ಅಷ್ಟರಲ್ಲಿ ಹುಲಿ ತಿಂದ್ಕಂಡು ಹೋತು” ಎಂದು ಒಬ್ಬರು ಕಟ್ಟೆಯ ಮೇಲೇ ಜಗಳಕ್ಕೆ ನಿಂತದ್ದುಂಟು. ನಿಧಾನ ಎಂಬ ದೂರು ನ್ಯಾಯವಾದದ್ದೇ.

ಅದಕ್ಕಿಂತ ದೊಡ್ಡ ದೂರು ಇನ್ನೊಂದಿದೆ. ಆ ಹಾಳೆ ಹೋಗುತ್ತಿದ್ದುದು ತೋಟವಿದ್ದವರ ಮನೆಗಳಿಗೆ. ಕೂಲಿಯವರ ಕೇರಿಗೆ ಹೋಗುತ್ತಿರಲಿಲ್ಲ, ಅವರಿಗೆ ಓದಲಿಕ್ಕೆ ಬರುವುದಿಲ್ಲವೆಂಬ ಸಮಜಾಯಿಷಿ ತಯಾರಿತ್ತು. ಹೆಂಗಸರ ಹೆಸರು ಅಚ್ಚಾಗುತ್ತಿದ್ದದ್ದು ಸತ್ತಾಗ, ಅದೂ ಇಂಥವರ ಪತ್ನಿ ಎಂದು. ಇದರ ಪರಿಣಾಮ ಬರೀ ಮರ್ಯಾದೆಯದ್ದಲ್ಲ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು. ಮಂಗ ಸತ್ತು ಬಿದ್ದರೆ ಅದರ ಮೈಯ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಬೇಸಿಗೆಯಲ್ಲಿ ದರಕು ಗುಡಿಸಲು, ಕಟ್ಟಿಗೆ ತರಲು ಬೆಟ್ಟಕ್ಕೆ ಹೋದವರಿಗೆ ಅವು ಕಚ್ಚಿ ಜ್ವರ. ಮಂಗ ಸತ್ತ ಸುದ್ದಿಯನ್ನು ಮಾಸ್ತರರು ಚೌಕ ಹಾಕಿ ಬರೆಯುತ್ತಿದ್ದರು. ಆ ಎಚ್ಚರಿಕೆಯನ್ನು ಓದುತ್ತಿದ್ದವರು ಜಗಲಿಯಲ್ಲಿ ಕವಳ ಹಾಕುತ್ತ ಕೂತವರು. ದರಕಿನ ಬುಟ್ಟಿ ಹೊರುವವರಿಗೆ ಅದನ್ನು ಯಾರಾದರೂ ಬಾಯಲ್ಲಿ ಹೇಳಿದರೆ ಉಂಟು, ಇಲ್ಲವಾದರೆ ಇಲ್ಲ.

ಮೊಬೈಲು ಬಂದು ಹಾಳೆ ನಿಂತಿತು ಎನ್ನುವವರಿದ್ದಾರೆ. ಸುಳ್ಳು. ಮೊಬೈಲಿಗೆ ಎಷ್ಟೋ ವರ್ಷ ಮೊದಲೇ ಅದು ನಿಂತಿತ್ತು. ಮಾಸ್ತರರ ಕಣ್ಣು ಮಂಜಾಯಿತು, ಹಿಡಿಕೆ ತಿರುಗಿಸುವ ಹುಡುಗರೆಲ್ಲ ಬೆಂಗಳೂರು ಹಿಡಿದೆವು, ವರ್ಷದ ಚಂದಾ ಕೇಳಿದರೆ ಜನ ಕೊನೆಕೊಯ್ಲು ಆಗಲಿ ಎನ್ನತೊಡಗಿದರು. ಬೇಕು ಎನ್ನುವವರು ಬಹಳ, ಕೈಹಚ್ಚುವವರಿಲ್ಲ.

ಈಗ ಊರಿಗೊಂದು ವಾಟ್ಸಾಪ್ ಗ್ರೂಪು. 2020ರ ಲಾಕ್‌ಡೌನಿನಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ, ತಾಡಪಾಲು ಕಟ್ಟಿ ಪಾಠ ಕೇಳಿದ್ದು ಈ ಸೀಮೆಯಲ್ಲೇ. ಈಗ ಹಲವು ಮನೆಗಳಿಗೆ ವೈಫೈ ಬಂದಿದೆ. ಧಾರಣೆ ಅವತ್ತಿನದ್ದು ಅವತ್ತೇ ಸಿಗುತ್ತದೆ. ಮುಖ್ಯವಾದದ್ದು, ಕೇರಿಯವರೂ ಗ್ರೂಪಿನಲ್ಲಿದ್ದಾರೆ. ಬರೆಯಲು ಬಾರದವರು ದನಿ ಕಳಿಸುತ್ತಾರೆ. ನಮ್ಮ ತೋಟದ ಕೊನೆಗೌಡ ಕಂಬ ಬಿದ್ದ ಸುದ್ದಿಯನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುತ್ತಾನೆ, ಲೈನ್‌ಮನ್ ಅದಕ್ಕೆ ಅಲ್ಲೇ ಉತ್ತರ ಕೊಡುತ್ತಾನೆ. ಇದೊಂದೇ ಕಾರಣಕ್ಕೆ ಹಳೆಯ ಹಾಳೆ ಮತ್ತೆ ಬರಲಿ ಎಂದು ನಾನು ಹಂಬಲಿಸುವುದಿಲ್ಲ.

ಕೊರತೆ ಇರುವುದು ಜರಡಿಯದ್ದು. 2019ರ ಬೇಸಿಗೆಗೆ ಮೊದಲೇ ಸಾಗರ ತಾಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆಗೆ ಜನ ಸಾಯತೊಡಗಿದಾಗ ನಮ್ಮ ಗ್ರೂಪಿಗೆ ಸತ್ತ ಮಂಗನ ಫೋಟೋ ಮೇಲಿಂದ ಮೇಲೆ ಬಂತು. ಫೋಟೋ ಒಂದೇ, ಊರಿನ ಹೆಸರು ಮಾತ್ರ ಬೇರೆ ಬೇರೆ. ಕೊನೆಗೆ ನಮ್ಮದೇ ಬೆಟ್ಟದಲ್ಲಿ ಕಂಡದ್ದನ್ನು ಒಬ್ಬರು ಹಾಕಿದರು. ಅದರ ಮೇಲೊಂದು ಶುಭೋದಯ, ಕೆಳಗೊಂದು ಹುಟ್ಟುಹಬ್ಬದ ಕೇಕು, ಮಧ್ಯೆ ಯಾರೋ ಮಂಗನಿಗೂ ಓಂ ಶಾಂತಿ ಕೋರಿದ್ದರು. ಯಾವ ಬೆಟ್ಟ ಎಂದು ಕೇಳಿದವರಿಲ್ಲ.

ಈ ಕಾಯಿಲೆಗಿದ್ದ ಹಳೆಯ ಲಸಿಕೆ 2022ರಲ್ಲಿ ನಿಂತಿದೆ. ಉಳಿದಿರುವುದು ಕೈಕಾಲಿಗೆ ಹಚ್ಚುವ ಎಣ್ಣೆ, ಬೆಟ್ಟದಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ, ಮತ್ತೆ ಹೊತ್ತಿಗೆ ಸರಿಯಾಗಿ ಸಿಗುವ ಖಚಿತ ಸುದ್ದಿ. ಅದಕ್ಕೇ ಗ್ರೂಪಿನ ಅಡ್ಮಿನ್ನುಗಳಲ್ಲಿ ಒಂದು ಕೋರಿಕೆ. ಮಂಗ ಸತ್ತ ಸುದ್ದಿ ಬಂದರೆ ಯಾರು ನೋಡಿದ್ದು, ಯಾವತ್ತು, ಯಾವ ಬೆಟ್ಟದಲ್ಲಿ ಎಂದು ಕೇಳಿ. ಉತ್ತರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಬಾರದಿದ್ದರೆ ಅಳಿಸಿಹಾಕಿ. ನೋಡಿದವರು ಹತ್ತಿರ ಹೋಗಬೇಡಿ, ಫೋಟೋ ದೂರದಿಂದಲೇ ಸಾಕು.