ಕರೆಂಟು ಬಂದ ಮೇಲಿನ ತಪಾಸಣೆ

ಕಕ್ಕಡ ತಿಂಗಳೆಂದರೆ ಕೊಡಗಿನವರಿಗೆ ಮದ್ದು ಸೊಪ್ಪಿನ ಪಾಯಸ ನೆನಪಾಗುವಷ್ಟೇ ಕರೆಂಟಿಲ್ಲದ ರಾತ್ರಿಗಳೂ ನೆನಪಾಗುತ್ತವೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆ ದಿನಗಳಲ್ಲಿ ಒಂದು ಸಿಲ್ವರ್ ಓಕ್ ತಂತಿಯ ಮೇಲೆ ಒರಗಿದರೆ ಸಾಕು, ಊರೆಲ್ಲ ಕತ್ತಲು. ಹಿಂದೆ ಸೀಮೆಎಣ್ಣೆ ದೀಪ ಹಚ್ಚಿದರೆ ಮುಗಿಯುತ್ತಿತ್ತು. ಮನೆಗೆ ಕಂಪ್ಯೂಟರು ಬಂದ ಮೇಲೆ ಅಷ್ಟಕ್ಕೇ ಮುಗಿಯುವುದಿಲ್ಲ.

ತೋಟದ ಮನೆಯ ಒಬ್ಬ ಪಿಯುಸಿ ಹುಡುಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮರುದಿನ ಒಪ್ಪಿಸಬೇಕಾದ ಪ್ರಾಜೆಕ್ಟ್ ವರದಿ ಅರ್ಧವಾಗಿದೆ, ಕರೆಂಟು ಹೋಗುತ್ತದೆ. ಎರಡು ಗಂಟೆಯ ನಂತರ ಬಂದಾಗ ಪರದೆಯ ಮೇಲೆ ವಿಂಡೋಸ್‌ಗೆ ಬದಲು ಡಿಸ್ಕ್ ತಪಾಸಣೆಯ ಸೂಚನೆ. ಬೇಡವೆಂದರೆ ಇಷ್ಟು ಸೆಕೆಂಡಿನೊಳಗೆ ಯಾವುದಾದರೂ ಕೀಲಿ ಒತ್ತಿ ಎನ್ನುತ್ತದೆ ಅದು. ಹುಡುಗಿ ತಟ್ಟನೆ ಒತ್ತುತ್ತಾಳೆ. ಮಾರನೆಯ ದಿನವೂ ಅದೇ ಸೂಚನೆ, ಅದೇ ಕೀಲಿ.

‘ಅಪ್ಪಾ, ಇದನ್ನು ಪೂರ್ತಿ ನಿಲ್ಲಿಸಿಬಿಡಬಹುದಂತೆ,’ ಎನ್ನುತ್ತಾಳೆ.

‘ಮಳೆಗೆ ಮುಂಚೆ ಮರಗಸಿ ಮಾಡುವುದನ್ನೂ ನಿಲ್ಲಿಸಿಬಿಡೋಣವಾ ಮಗಳೇ?’ ಎನ್ನುತ್ತಾನೆ ಅಪ್ಪ.

ಅಪ್ಪನಿಗೆ ಕಂಪ್ಯೂಟರು ಅಷ್ಟಾಗಿ ಗೊತ್ತಿಲ್ಲದಿರಬಹುದು, ಮಾತು ಮಾತ್ರ ಸರಿ. ಕಡತವೊಂದನ್ನು ಬರೆಯುವಾಗ ವಿವರಗಳು ಡಿಸ್ಕಿನ ಒಂದು ಕಡೆಯೂ, ಅವು ಎಲ್ಲಿವೆ ಎಂಬ ಲೆಕ್ಕ ಇನ್ನೊಂದು ಕಡೆಯೂ ದಾಖಲಾಗುತ್ತವೆ. ನಡುವೆ ಕರೆಂಟು ಹೋದರೆ ಲೆಕ್ಕಕ್ಕೂ ವಾಸ್ತವಕ್ಕೂ ತಾಳೆ ತಪ್ಪಬಹುದು. ಹಾಗಾದಾಗ ವಿಂಡೋಸ್ ಆ ಡಿಸ್ಕಿಗೆ ಒಂದು ಗುರುತು ಹಾಕಿಡುತ್ತದೆ. ಮುಂದಿನ ಸಲ ಯಂತ್ರ ಎದ್ದಾಗ ಗುರುತು ಕಂಡರೆ ತಪಾಸಣೆ. ಕೀಲಿ ಒತ್ತಿ ತಪ್ಪಿಸಿದರೆ ಗುರುತು ಅಳಿಯುವುದಿಲ್ಲ. ಅದಕ್ಕೇ ದಿನವೂ ಅದೇ ಸೂಚನೆ.

ಈ ರಗಳೆ ಹೊಸದಲ್ಲ. 1990ರ ದಶಕದ ವಿಂಡೋಸ್‌ನಲ್ಲಿ ಸ್ಕ್ಯಾನ್‌ಡಿಸ್ಕ್‌ನ ನೀಲಿ ಪರದೆ ಬರುತ್ತಿತ್ತು, ಸರಿಯಾಗಿ ಮುಚ್ಚದ್ದಕ್ಕೆ ಮೇಷ್ಟರಂತೆ ಬುದ್ಧಿ ಹೇಳುತ್ತಿತ್ತು. ವಿಂಡೋಸ್ 98ರಲ್ಲಿ ಅದನ್ನು ನಿಲ್ಲಿಸುವ ಆಯ್ಕೆಯೂ ಇತ್ತು. 2001ರಲ್ಲಿ ಬಂದ ಎಕ್ಸ್‌ಪಿ ಹತ್ತು ಸೆಕೆಂಡು ಕಾಯುತ್ತಿತ್ತು. ಆಮೇಲಿನ ವಿಂಡೋಸ್‌ಗಳು ಸಣ್ಣಪುಟ್ಟ ದುರಸ್ತಿಯನ್ನು ಕೆಲಸ ನಡೆಯುತ್ತಿರುವಾಗಲೇ ಮಾಡಿಕೊಳ್ಳುವುದರಿಂದ ಸೂಚನೆ ಕಾಣುವುದು ಅಪರೂಪವಾಗಿದೆ.

ಬದಲಾಯಿಸಲೇಬೇಕೆಂದರೆ ದಾರಿ ಇದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಸಿಎಚ್‌ಕೆಎನ್‌ಟಿಎಫ್‌ಎಸ್’ ಎಂಬ ಆದೇಶ. ಅದರ ಮುಂದೆ ಓರೆಗೆರೆ, ‘ಟಿ’, ಎರಡು ಚುಕ್ಕೆ, ಸೆಕೆಂಡುಗಳ ಸಂಖ್ಯೆ ಕೊಟ್ಟರೆ ಕಾಯುವ ಅವಧಿ ಬದಲಾಗುತ್ತದೆ. 259200ರವರೆಗೆ, ಎಂದರೆ ಮೂರು ಇಡೀ ದಿನ ಕಾಯಿಸಬಹುದು! ಸೊನ್ನೆ ಕೊಟ್ಟರೆ ತಪಾಸಣೆಯನ್ನು ತಡೆಯಲು ಅವಕಾಶವೇ ಸಿಗದು. ‘ಎಕ್ಸ್’ ಮತ್ತು ಡ್ರೈವಿನ ಅಕ್ಷರ ಕೊಟ್ಟರೆ ಆ ಡ್ರೈವಿಗೆ ವಿನಾಯಿತಿ. ‘ಡಿ’ ಕೊಟ್ಟರೆ ಕಾಯುವ ಅವಧಿಯೊಂದನ್ನು ಬಿಟ್ಟು ಉಳಿದೆಲ್ಲವೂ ಮೊದಲಿನಂತೆ.

ವಿನಾಯಿತಿ ಕೊಡುವುದೆಂದರೆ ಜ್ವರ ಬಂದವನ ಮನೆಯ ಥರ್ಮಾಮೀಟರನ್ನು ಅಟ್ಟಕ್ಕೆ ಹಾಕಿದಂತೆ. ಲೆಕ್ಕ ತಪ್ಪಿದ ಡಿಸ್ಕಿನ ಮೇಲೆ ಬರೆಯುತ್ತಾ ಹೋದರೆ ಒಂದು ಕಡತದ ಜಾಗದಲ್ಲಿ ಇನ್ನೊಂದು ಕುಳಿತುಬಿಡಬಹುದು. ಆಮೇಲೆ ದುರಸ್ತಿ ಮಾಡಿದಾಗ ‘ಫೌಂಡ್’ ಎಂಬ ಕಡತಕೋಶದಲ್ಲಿ ಹೆಸರಿಲ್ಲದ ಚೂರುಗಳಷ್ಟೇ ಸಿಗಬಹುದು. ವರ್ಷವಿಡೀ ಬರೆದ ನೋಟ್ಸು ಆ ಚೂರುಗಳಲ್ಲಿದ್ದರೆ ಹುಡುಕುವುದು ಹೇಗೆ?

ಇನ್ನೊಂದು ಎಚ್ಚರಿಕೆ: ಕರೆಂಟು ಹೋಗದಿದ್ದರೂ ಸೂಚನೆ ಮತ್ತೆ ಮತ್ತೆ ಬಂದರೆ ಡಿಸ್ಕೇ ಸೋಲುತ್ತಿರಬಹುದು. ಆಗ ಮೊದಲು ಬೇಕಾದ್ದನ್ನೆಲ್ಲ ಬೇರೆಡೆ ನಕಲು ಮಾಡಿಟ್ಟು, ಆಮೇಲೆ ತಪಾಸಣೆಗೆ ಬಿಡುವುದು ಜಾಣತನ. ಮಳೆನಾಡಿನ ಮನೆಗೆ ಒಂದು ಸಣ್ಣ ಯುಪಿಎಸ್ ಇದ್ದರೆ ಕಡತ ಉಳಿಸಿ ಯಂತ್ರ ಮುಚ್ಚುವಷ್ಟು ಸಮಯವಾದರೂ ಸಿಗುತ್ತದೆ. ಬ್ಯಾಟರಿ ಸುಸ್ಥಿತಿಯಲ್ಲಿರುವ ಲ್ಯಾಪ್‌ಟಾಪಿಗೆ ಅದರ ಅಗತ್ಯವೂ ಇಲ್ಲ.

ಹುಡುಗಿ ಸೆಟ್ಟಿಂಗ್ ಮುಟ್ಟಲಿಲ್ಲ ಎಂದುಕೊಳ್ಳೋಣ. ವರದಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡಳು, ಕೀಲಿಮಣೆಯಿಂದ ಕೈ ತೆಗೆದಳು, ತಪಾಸಣೆ ನಡೆಯಲು ಬಿಟ್ಟು ಅಡುಗೆಮನೆಗೆ ಹೋಗಿ ಅವ್ವನ ಹತ್ತಿರ ಕಾಫಿ ಕೇಳಿದಳು. ಎರಡನೆಯ ಲೋಟ ಮುಗಿಯುವ ಹೊತ್ತಿಗೆ ಕಂಪ್ಯೂಟರು ತಾನಾಗಿ ಎದ್ದಿತ್ತು. ಮರುದಿನ ಬೆಳಗ್ಗೆ ಆ ಸೂಚನೆ ಬರಲಿಲ್ಲ.