ಕೈ ಬಿಡುವ ಹೊತ್ತು

ಹಳದೀಪುರದ ಮನೆಯೊಂದಕ್ಕೆ ಬೆಂಗಳೂರಿನಿಂದ ಫೋನ್ ಬಂತು ಎಂದಿಟ್ಟುಕೊಳ್ಳಿ. ಇಂಜಿನಿಯರಿಂಗ್ ಓದುತ್ತಿರುವ ಮಗಳದು. ‘ಅಮ್ಮಾ, ರಜೆಯಲ್ಲಿ ನಾವು ನಾಲ್ವರು ಗೆಳತಿಯರು ವಿಮಾನದಿಂದ ಜಿಗಿಯಬೇಕು ಅಂತಿದ್ದೇವೆ. ಆಕಾಶದಲ್ಲಿ ಕೈಕೈ ಹಿಡಿದು, ತಲೆಕೆಳಗಾಗಿ! ಇದು ಹೊಸ ಬಗೆ.’ ಪೇರಲೆ ಮರ ಹತ್ತಿದ್ದಕ್ಕೇ ಬೈದಿದ್ದ ತಾಯಿಯ ಎದೆ ಝಲ್ಲೆನ್ನದೆ ಇದ್ದೀತೆ? ಬಾಯಿಗೆ ಬರುವುದು ಒಂದೇ ಮಾತು: ‘ಅವರು ಬಾವಿಗೆ ಹಾರಿದರೆ ನೀನೂ ಹಾರುತ್ತೀಯಾ?’

ಮಾತು ಹಳೆಯದು. ಆದರೆ ಅದಕ್ಕೆ ಉತ್ತರ ಈ ಆಟದ ನಿಯಮದಲ್ಲೇ ಇದೆ. ಒಂಟಿಯಾಗಿ ಜಿಗಿಯಲು ಬಾರದವರಿಗೆ ಗುಂಪಿನಲ್ಲಿ ಜಾಗವಿಲ್ಲ. ಮೊದಲ ಸಲ ಬಂದವರನ್ನು ಸಾಮಾನ್ಯವಾಗಿ ತರಬೇತುದಾರನ ಎದೆಗೆ ಬಿಗಿದು ಜಿಗಿಸುತ್ತಾರೆ. ಅಮೆರಿಕದಲ್ಲಿ ಮೊದಲ ಹಂತದ ಪರವಾನಗಿಗೇ 25 ಜಿಗಿತಗಳಾಗಬೇಕು. ಅಲ್ಲಿಯವರೆಗೆ ಗೆಳೆಯರ ಕೈ ಹಿಡಿಯುವ ಮಾತಿಲ್ಲ.

ಗುಂಪು ಜಿಗಿತದ ಒಳಗುಟ್ಟು ವೇಗದಲ್ಲಿದೆ. ಸುಮಾರು 13,000 ಅಡಿಯಿಂದ ಹೊಟ್ಟೆ ಕೆಳಗಾಗಿ ಬೀಳುವವರ ವೇಗ ಗಂಟೆಗೆ 200 ಕಿಲೋಮೀಟರಿನ ಆಸುಪಾಸು. ಪ್ಯಾರಾಚೂಟ್ ಬಿಚ್ಚುವ ಮುನ್ನ ಸಿಗುವುದು ಸುಮಾರು ಒಂದು ನಿಮಿಷ. ದಪ್ಪಗಿನವರು ಬೇಗ ಬೀಳುತ್ತಾರೆ, ತೆಳ್ಳಗಿನವರು ಹಿಂದುಳಿಯುತ್ತಾರೆ. ಹಾಗಾಗಿ ಒಬ್ಬರು ದೊಗಳೆ ಉಡುಪು ತೊಟ್ಟು, ಇನ್ನೊಬ್ಬರು ಸೊಂಟಕ್ಕೆ ಭಾರ ಕಟ್ಟಿಕೊಂಡು ವೇಗ ಸರಿದೂಗಿಸುತ್ತಾರೆ. ಸ್ನೇಹ ಎಷ್ಟೇ ಗಾಢವಾಗಿರಲಿ, ಗಾಳಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ತಲೆಕೆಳಗಾದ ಬಗೆಯಲ್ಲಿ ವೇಗ ಇನ್ನೂ ಹೆಚ್ಚು. 2015ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ 164 ಮಂದಿ ಹೀಗೆ ಒಂದೇ ಹೂವಿನಂತೆ ಅರಳಿ ದಾಖಲೆ ಮಾಡಿದರು. ಇಲ್ಲಿ ಒಬ್ಬ ಆಯತಪ್ಪಿ ಹೊಟ್ಟೆ ಕೆಳಗಾದರೂ ಸಾಕು, ಅವನ ವೇಗ ಥಟ್ಟನೆ ತಗ್ಗುತ್ತದೆ. ಮೇಲಿನಿಂದ ಬರುವವರು ಬಂದು ಅಪ್ಪಳಿಸಬಹುದು. ಒಬ್ಬನ ಅರೆಕಲಿಕೆಗೆ ಬೆಲೆ ತೆರುವವರು ಇನ್ನೊಬ್ಬರು.

ಎಲ್ಲಕ್ಕಿಂತ ಮುಖ್ಯವಾದದ್ದು ಕೈ ಹಿಡಿಯುವುದಲ್ಲ, ಬಿಡುವುದು. ಮೊದಲೇ ಗೊತ್ತುಮಾಡಿದ ಎತ್ತರ ಬಂದೊಡನೆ ಎಲ್ಲರೂ ಕೈಬಿಟ್ಟು, ಬೆನ್ನು ತಿರುಗಿಸಿ, ದೂರ ದೂರ ಸರಿಯಬೇಕು. ಹತ್ತಿರ ಹತ್ತಿರ ಪ್ಯಾರಾಚೂಟ್ ಬಿಚ್ಚಿದರೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಭಯ. ಸಾವಿರ ಅಡಿ ಕಳೆಯಲು ಐದಾರು ಸೆಕೆಂಡು ಸಾಕು. ‘ಇನ್ನೊಂದು ಕ್ಷಣ ಇರೋಣ’ ಎಂಬ ಮೋಹಕ್ಕೆ ಅಲ್ಲಿ ಎಡೆಯಿಲ್ಲ. 2006ರ ಫೆಬ್ರುವರಿಯಲ್ಲಿ ಥಾಯ್ಲೆಂಡಿನಲ್ಲಿ 400 ಮಂದಿ ಆಕಾಶದಲ್ಲಿ ಒಂದಾದರು. ಅಷ್ಟೆಲ್ಲ ಸಿದ್ಧತೆಯ ಫಲವಾದ ಆ ಕೂಟ ಉಳಿದದ್ದು ನಾಲ್ಕು ಸೆಕೆಂಡಿನಷ್ಟು ಕಾಲ!

1987ರಲ್ಲಿ ರೂಪುಗೊಂಡ ನಮ್ಮ ವಾಯುಪಡೆಯ ಆಕಾಶಗಂಗಾ ತಂಡ ಮೈಸೂರು ದಸರೆಯಲ್ಲೂ ಜಿಗಿದಿದೆ. ನೆರೆದವರು ಬಣ್ಣದ ಪ್ಯಾರಾಚೂಟುಗಳಿಗೆ ಚಪ್ಪಾಳೆ ತಟ್ಟಿದರು. ಅವುಗಳ ನಡುವಿನ ಅಂತರಕ್ಕೂ ಒಂದು ಚಪ್ಪಾಳೆ ಸಲ್ಲಬೇಕು. ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೊನ್ನಾವರದಲ್ಲಿ ಶರಾವತಿಯ ಅಳಿವೆ ದಾಟುವ ದೋಣಿಗಳು ಜೊತೆಯಾಗಿ ಹೊರಟರೂ ಒಂದಕ್ಕೊಂದು ತಾಗಿಕೊಂಡು ಹೋಗುವುದಿಲ್ಲ.

ಹಾಗಾಗಿ ಹೆತ್ತವರು ಕೂಡದು ಎಂದು ಫೋನ್ ಕುಕ್ಕುವ ಬದಲು ನಾಲ್ಕು ಪ್ರಶ್ನೆ ಕೇಳಬಹುದು. ಕಲಿಸುವವರು ಯಾರು? ಒಬ್ಬಳೇ ಎಷ್ಟು ಸಲ ಜಿಗಿದಿದ್ದೀಯೆ? ಮೀಸಲು ಪ್ಯಾರಾಚೂಟನ್ನು ಪರೀಕ್ಷಿಸಿದ್ದಾರೆಯೇ? ಯಾವ ಎತ್ತರದಲ್ಲಿ ಕೈ ಬಿಡುತ್ತೀರಿ? ಉತ್ತರ ತಡವರಿಸಿದರೆ ಇನ್ನೂ ಕಲಿಯುವುದಿದೆ ಎಂದೇ ಅರ್ಥ. ಆಗ ‘ನಾನು ಈಗ ಬರುವುದಿಲ್ಲ’ ಎಂದು ಗೆಳೆಯರಿಗೆ ಹೇಳುವುದಕ್ಕೂ ಧೈರ್ಯ ಬೇಕು, ಜಿಗಿಯಲು ಬೇಕಾದಷ್ಟೇ.